ಕೂದಲೆಳೆಯಷ್ಟು ಓರೆ

ಕಾರು ರಿಪೇರಿಗೆ ಬಂದದ್ದೇ ಊರು ಬಿಡುವುದಕ್ಕೆ. ಅದು ಇಬ್ಬರಿಗೂ ಗೊತ್ತಿತ್ತು.

ಟೈಲರಮ್ಮ ಕೀ ಕೊಟ್ಟು ಶೆಡ್ಡಿನ ಸ್ಟೂಲಿನ ಮೇಲೆ ಕೂತಳು. "ಸ್ಟೀರಿಂಗ್ ಕಲ್ಲಾಗಿದೆ. ತಿರುಗಿಸಿದ್ರೆ ಅಳುತ್ತೆ."

ದನಿಯಲ್ಲಿ ಏರೂ ಇಲ್ಲ, ಇಳಿವೂ ಇಲ್ಲ. ಅಮ್ಮ ತೀರಿಕೊಂಡಾಗಿನಿಂದ ಅವಳು ಹಾಗೇ. ಅವತ್ತು ಅಳು ಬರಲಿಲ್ಲ, ಆಮೇಲೆ ನಗುವೂ ಬರಲಿಲ್ಲ. ಹಸಿದು ಉಣ್ಣುವುದು ಮರೆತೇಹೋಗಿ, ಹೊತ್ತಾಯಿತೆಂದು ಉಣ್ಣುತ್ತಿದ್ದಳು.

ಮೆಕ್ಯಾನಿಕ್ಕಿಗೆ ಬೀದಿಯವರು ಇಟ್ಟ ಹೆಸರು ನಿಧಾನಪ್ಪ. ಹೋದ ತಿಂಗಳು ಪ್ಯಾಂಟಿನ ಉದ್ದ ಕಡಿಮೆ ಮಾಡಿಸುವ ನೆಪ ಹೂಡಿ ಅವಳ ಅಂಗಡಿಗೆ ಬಂದವನು, ಬಹಳ ಹೊತ್ತು ಕತ್ತರಿಯನ್ನೇ ನೋಡುತ್ತ ನಿಂತು, "ನನ್ನನ್ನ ಮದುವೆ ಆಗ್ತೀರಾ?" ಎಂದು ಕೇಳಿದ್ದ.

"ನೀವು ಒಳ್ಳೆಯವರು. ಆದ್ರೆ ನನಗೆ ಏನೂ ಅನ್ನಿಸ್ತಾ ಇಲ್ಲ," ಎಂದಿದ್ದಳು. ಅವನು ತಲೆಯಾಡಿಸಿ, ಪ್ಯಾಂಟನ್ನು ಅಲ್ಲೇ ಮರೆತು ಹೋಗಿದ್ದ. ಈಗ ಅಕ್ಕ ತನ್ನೂರಿಗೆ ಕರೆದಿದ್ದಾಳೆ. ಭಾವ ಹೊಲಿಗೆ ಅಂಗಡಿಗೆಂದು ಮುಂದಿನ ಕೋಣೆ ಖಾಲಿ ಮಾಡಿಸಿದ್ದಾರೆ. ಬೇಡ ಅನ್ನಲು ಅವಳಿಗೆ ಕಾರಣ ತೋಚಿರಲಿಲ್ಲ.

"ಸ್ಟೀರಿಂಗ್ ಪಂಪ್ ಹೋಗಿದೆ," ಎಂದ ನಿಧಾನಪ್ಪ, ಬಾನೆಟ್ಟಿನೊಳಗಿಂದಲೇ. "ಇದರ ಪುಲ್ಲಿ, ಈ ಬೆಲ್ಟ್ ಓಡೋ ಚಕ್ರ, ತೆಗೆದು ಹೊಸ ಪಂಪಿಗೆ ಹಾಕ್ಬೇಕು."

"ಸುತ್ತಿಗೇಲಿ ಒಂದೇಟು ಹಾಕಿ. ಬೇಗ ಆಗುತ್ತೆ."

"ಹೊಡೆದ್ರೆ ಡೊಂಕಾಗುತ್ತೆ ಟೈಲರಮ್ಮ. ಎಳೆದೇ ತೆಗೀಬೇಕು."

ಅವನು ಬೆಲ್ಟ್ ಸಡಿಲಿಸಿ ತೆಗೆದ. ಪುಲ್ಲಿಯ ಕುತ್ತಿಗೆಯನ್ನು ಕಚ್ಚಿ ಹಿಡಿಯುವ ಪುಲ್ಲರ್ ಕೂರಿಸಿ, ಒಂದು ಸ್ಪ್ಯಾನರನ್ನು ಅವಳ ಕೈಗೆ ಕೊಟ್ಟ. "ಇದು ಅಲುಗಾಡದ ಹಾಗೆ ಹಿಡ್ಕೊಳ್ಳಿ. ನಡುವಿನ ಬೋಲ್ಟ್ ನಾನು ತಿರುಗಿಸ್ತೀನಿ."

ಇಬ್ಬರ ತಲೆಯೂ ಒಂದೇ ಬಾನೆಟ್ಟಿನ ಕೆಳಗೆ. ಅವನ ಮೊಣಕೈ ಅವಳಿಗೆ ತಾಗಿತು. "ಸಾರಿ," ಎಂದ. "ಪರವಾಗಿಲ್ಲ," ಎಂದಳು. ನಿಜಕ್ಕೂ ಅವಳಿಗೇನೂ ಆಗಿರಲಿಲ್ಲ. ಪಾಪ, ಅವನ ಕಿವಿ ಮಾತ್ರ ಕೆಂಪಾಗಿತ್ತು.

ಪುಲ್ಲಿ ಕಿರ್ರೆಂದು ಇಷ್ಟಿಷ್ಟೇ ಸರಿಯುತ್ತ ಕೊನೆಗೆ ಅವನ ಅಂಗೈಗೆ ಬಂತು. ಬರದಿದ್ದರೇ ಚೆನ್ನಾಗಿತ್ತು ಎಂಬಂತೆ ಅವನು ಅದನ್ನು ನೋಡಿದ. ಆಮೇಲೆ ಅದನ್ನು ಹೊಸ ಪಂಪಿಗೆ ಒತ್ತಿ ಕೂರಿಸಿ, ಬೆಲ್ಟ್ ಹಾಕಿ, ಕೈ ಒರೆಸಿಕೊಳ್ಳತೊಡಗಿದ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿದ.

ಅವಳು ಬಗ್ಗಿ ನೋಡಿದಳು. ಸೀರೆಯ ಫಾಲ್ ದಾರದಷ್ಟು ಜಾರಿದರೂ ಹಿಡಿಯುವ ಕಣ್ಣು ಅದು. "ಬೆಲ್ಟ್ ಓರೆ ಇದೆ. ಪುಲ್ಲಿ ಕೂದಲೆಳೆಯಷ್ಟು ಈಚೆ ನಿಂತಿದೆ."

ಅವನು ಕೈ ಒರೆಸುತ್ತಿದ್ದ ಬಟ್ಟೆಯನ್ನು ಮಡಿಸತೊಡಗಿದ.

"ಹೀಗೇ ಓಡಿಸಿದ್ರೆ?"

"ಸ್ವಲ್ಪ ದಿನಕ್ಕೆ ಬೆಲ್ಟಿನ ಅಂಚು ಸವೆಯುತ್ತೆ. ಮತ್ತೆ ಇಲ್ಲಿಗೇ ತರ್ಬೇಕಾಗುತ್ತೆ."

"ಬೇಕಂತಲೇ ಮಾಡಿದ್ರಾ?"

"ಬೇಕಂತ ಅಲ್ಲ, ಕೈ ಸರಿ ನಿಲ್ಲಲಿಲ್ಲ. ಆದ್ರೆ ನಿಮಗಿಂತ ಮೊದಲೇ ನೋಡ್ದೆ. ನೋಡಿ ಸುಮ್ಮನಾದೆ."

"ದಾರೀಲಿ ಹರಿದಿದ್ರೆ? ಒಬ್ಬಳೇ ಏನು ಮಾಡ್ತಿದ್ದೆ?" ದನಿ ತಗಡಿನ ಮಾಡಿಗೆ ಬಡಿಯಿತು. ತನ್ನದೇ ದನಿಗೆ ಅವಳು ಬೆಚ್ಚಿದಳು. ಸಿಟ್ಟು ಬಂದಿತ್ತು. ಮೈಯೆಲ್ಲ ಬಿಸಿಯಾಗಿತ್ತು. "ಅಮ್ಮ ಉಳಿಯಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಅಕ್ಕನಿಗೆ, ಭಾವನಿಗೆ, ಡಾಕ್ಟರಿಗೆ. ಎಲ್ಲರೂ ನೋಡಿ ಸುಮ್ಮನಿದ್ರು. ಗೊತ್ತಿಲ್ಲದವಳು ನಾನೊಬ್ಬಳೇ. ನೀವೂ ಹಾಗೇ ಮಾಡ್ತೀರಾ?"

ಸಿಟ್ಟಿನ ಬೆನ್ನಿಗೇ ಅಳು ಬಂತು. ಅಮ್ಮನ ಪಾಲಿನ ಅಳು, ತಡವಾಗಿ, ಬಿಕ್ಕಿ ಬಿಕ್ಕಿ. ನಿಧಾನಪ್ಪ ಸಮಾಧಾನ ಹೇಳಲಿಲ್ಲ, ಮುಟ್ಟಲಿಲ್ಲ. ಕೆಳಗೆ ಅವಳ ಕಾಲ ಬಳಿ ಕೂತ.

"ತಪ್ಪಾಯ್ತು. ಇನ್ಮೇಲೆ ನೋಡಿದ್ದನ್ನ ನೋಡಿದ ಹಾಗೇ ಹೇಳ್ತೀನಿ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಹೇಳಿ ಹಾಗಾದ್ರೆ."

"ನೀವು ಹೋಗೋದು ನನಗೆ ಇಷ್ಟ ಇಲ್ಲ. ಆದ್ರೂ ಬೆಲ್ಟ್ ನೆಟ್ಟಗೆ ಮಾಡಿ ಕೊಡ್ತೀನಿ. ಎಲ್ಲಿಗೆ ಬೇಕಾದ್ರೂ ಹೋಗೋ ಹಾಗೆ."

ಬೆಲ್ಟ್ ತೆಗೆದು ಪುಲ್ಲಿಯನ್ನು ಮತ್ತೆ ಒತ್ತಿದರು. ಈ ಸಲ ಅವನು ಬೋಲ್ಟ್ ತಿರುಗಿಸಿದ, ಅವಳು ಕಣ್ಣಳತೆ ನೋಡುತ್ತ "ಇನ್ನೂ, ಇನ್ನೊಂಚೂರು, ಸಾಕು" ಎಂದಳು. ಅವನ ಕೈ ತಾಗಿತು. ಈ ಸಲ ಅವಳಿಗೆ ತಾಗಿದ್ದು ಗೊತ್ತಾಯಿತು. ಅದು ಪ್ರೀತಿಯೋ ಏನೋ ಗೊತ್ತಾಗಲಿಲ್ಲ, ಆದರೆ ಕೈ ಬೆಚ್ಚಗಿತ್ತು.

ಸ್ಟೀರಿಂಗ್ ಬೆರಳಿಗೆ ತಿರುಗಿತು. ಅವಳು ಕಾರಲ್ಲೇ ಕೂತು ಫೋನ್ ಮಾಡಿದಳು. "ಅಕ್ಕಾ, ಕಾರು ಸರಿಯಾಯ್ತು. ಭಾನುವಾರ ನಿನ್ನನ್ನ ನೋಡೋಕೆ ಬರ್ತೀನಿ, ಅವತ್ತೇ ವಾಪಸ್ ಬರ್ತೀನಿ. ಭಾವನಿಗೆ ಹೇಳು, ಆ ಕೋಣೆ ಬೇಡ."

ನಿಧಾನಪ್ಪ ಸ್ಪ್ಯಾನರ್ ಹಿಡಿದು ನಿಂತೇ ಇದ್ದ.

"ಹಾಗೆ ನೋಡ್ಬೇಡಿ. ಮದುವೆಗೆ ನಾನಿನ್ನೂ ಹೂಂ ಅಂದಿಲ್ಲ," ಎಂದಳು. ಗೇರ್ ಹಾಕಿ, ಗ್ಲಾಸ್ ಇಳಿಸಿದಳು. "ನಿಮ್ಮ ಪ್ಯಾಂಟ್ ಹಾಗೇ ಬಿದ್ದಿದೆ. ನಾಳೆ ಅಳತೆ ಕೊಡೋಕೆ ಬನ್ನಿ. ನಿಧಾನವಾಗಿ ಬಂದ್ರೂ ಪರವಾಗಿಲ್ಲ."