ತೊಳೆದುಹೋದ ಕೆಳಮಣ್ಣು

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಠಾಣೆಗೆ ಬಂದ ಮಣ್ಣುವಿಜ್ಞಾನದ ಮೇಷ್ಟ್ರ ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗಿತ್ತು.

"ಏನು ಕಳುವಾಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಕಳುವಲ್ಲ ಸಾರ್. ಮಣ್ಣು. ತೊಳೆದು ಚರಂಡಿಗೆ ಬಿಟ್ಟಿದ್ದಾರೆ."

ಬರೆದುಕೊಳ್ಳುತ್ತಿದ್ದ ದಫೇದಾರರು ಪೆನ್ನು ಎತ್ತಿದರು. "ಮಣ್ಣಿಗೆ ಯಾವ ಸೆಕ್ಷನ್ ಹಾಕೋದು ಸಾರ್?"

ಮೇಷ್ಟ್ರು ನಗಲಿಲ್ಲ. ಹೊಳೆಯಂಚಿನ ಬಡಾವಣೆಯಲ್ಲಿ ವರ್ಷವರ್ಷವೂ ನೀರು ಏರುತ್ತಿತ್ತು. ಹವಾಮಾನ ಬದಲಾದಂತೆ ಊರು ಉಳಿಯುವ ಬಗೆಯನ್ನು ತಿಳಿಯಲು ಒಂದು ಸಂಶೋಧನಾ ನಿಧಿ ವಿಶ್ವವಿದ್ಯಾಲಯಕ್ಕೆ ಅನುದಾನ ಕೊಟ್ಟಿತ್ತು. ಮಣ್ಣುವಿಜ್ಞಾನ, ಎಂಜಿನಿಯರಿಂಗ್, ಸಮಾಜಶಾಸ್ತ್ರ ಮೂರೂ ವಿಭಾಗ ಕೂಡಿ ದುಡಿಯಬೇಕೆಂಬುದೇ ಷರತ್ತು. ಬಡಾವಣೆಯ ಹಿತ್ತಲುಗಳಲ್ಲೂ ಗುಡ್ಡದ ಕಡೆಯೂ ಕೊಳವೆ ಇಳಿಸಿ ಪದರಪದರವಾಗಿ ತೆಗೆದ ಮಣ್ಣನ್ನು ಶೀತಲ ಕೊಠಡಿಯಲ್ಲಿಟ್ಟಿದ್ದರು. ಆ ಮಣ್ಣೇ ಈಗ ಇರಲಿಲ್ಲ.

ಸಾರ್ವಜನಿಕ ಸ್ವತ್ತಿನ ನಾಶವೆಂದು ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಕೊಠಡಿಯಲ್ಲಿ ಕಾವಲುಗಾರನನ್ನೂ ಗ್ರಂಥಾಲಯದ ಸಹಾಯಕನನ್ನೂ ಪಂಚರನ್ನಾಗಿಸಿ ಪಂಚನಾಮೆ ನಡೆಯಿತು. ಶನಿವಾರ ರಾತ್ರಿಯವರೆಗೆ ಎಲ್ಲ ಸರಿಯಿತ್ತೆಂದು ಕಾವಲುಗಾರ ಹೇಳಿದ. ಬೀಗ ಮುರಿದಿರಲಿಲ್ಲ. ಉದ್ದುದ್ದ ಸೀಳಿದ ಕೊಳವೆಗಳನ್ನು ಬಚ್ಚಲಿನ ಪಕ್ಕ ಒಪ್ಪವಾಗಿ ಜೋಡಿಸಿಟ್ಟಿದ್ದರು. ನೀರಿನ ಪೈಪು ಇನ್ನೂ ತೊಟ್ಟಿಕ್ಕುತ್ತಿತ್ತು.

ಮೇಲಿನ ಕಪಾಟು ನೋಡುತ್ತಿದ್ದ ಮಹಿಳಾ ಪೇದೆ, "ಸಾರ್, ಗುಡ್ಡದ ಕಡೆ ಮಣ್ಣು ಹಂಗೇ ಇದೆ. ಹೊಳೆ ಕಡೇದು ಮಾತ್ರ ಹೋಗಿರೋದು," ಎಂದಳು.

ಕೀಲಿಕೈ ಇದ್ದದ್ದು ಮೂರು ವಿಭಾಗದ ಮೂವರ ಬಳಿ. ಮೇಷ್ಟ್ರಿಗೂ ಎಂಜಿನಿಯರಿಗೂ ಆಗಿಬರುತ್ತಿರಲಿಲ್ಲ ಎಂಬುದನ್ನು ಕಾವಲುಗಾರನೇ ಹೇಳಿದ. ಮಧ್ಯಾಹ್ನ ಎಂಜಿನಿಯರನ್ನು ಕೂರಿಸಿ ಕೇಳಿದರು.

"ಜಗಳ ಯಾತಕ್ಕೆ?"

"ಕೊನೆ ವರದಿ ಮೇಲೆ ಯಾರ ಹೆಸರು ಮೊದಲು ಬರಬೇಕು ಅಂತ."

"ವರದಿ ಆಗಿತ್ತಾ?"

"ಇಲ್ಲ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ," ಎಂದು ದಫೇದಾರರು ಗೊಣಗಿದರು.

"ಭಾನುವಾರ ಎಲ್ಲಿದ್ರಿ?"

"ಆಸ್ಪತ್ರೇಲಿ. ಮಗಳ ಹೆರಿಗೆ."

ಆಸ್ಪತ್ರೆಯ ಕ್ಯಾಮೆರಾದಲ್ಲಿ ಅವರು ಅಳಿಯನ ಪಕ್ಕದ ಬೆಂಚಿನ ಮೇಲೆ ದಿನವಿಡೀ ಕೂತಿದ್ದರು.

ಉಳಿದವರು ಸಮಾಜಶಾಸ್ತ್ರದ ಮೇಡಂ. ಇನ್‌ಸ್ಪೆಕ್ಟರ್ ಮೊದಲು ಅವರ ಮನೆಗಲ್ಲ, ಹೊಳೆಯಂಚಿಗೆ ಹೋದರು. ಪ್ರತಿ ಗೋಡೆಯ ಮೇಲೂ ಸೊಂಟದೆತ್ತರಕ್ಕೆ ನೀರು ನಿಂತ ಕಲೆ, ಅದರ ಮೇಲೆ ಜಾಗ ಖಾಲಿ ಮಾಡುವಂತೆ ನಗರಸಭೆಯ ಹೊಸ ನೋಟಿಸು. ಹೊಲಿಗೆಯಂತ್ರದ ಮುಂದೆ ಕೂತಿದ್ದ ಹೆಂಗಸು ಕಾಲು ನಿಲ್ಲಿಸಿದಳು.

"ನಿಮ್ಮ ಹಿತ್ತಲು ಅಗೆಯೋಕೆ ಯಾಕೆ ಬಿಟ್ರಿ?"

"ಮೇಡಂ ಕೇಳಿದ್ರು. ನನ್ನ ಅಕ್ಕ ಅಂತಿದ್ರು. ನೀರು ಬರದಂಗೆ ಮಾಡೋಕೆ ಅಂದ್ರು, ಇಡೀ ಬೀದಿಗೆ ನಾನೇ ಒಪ್ಪಿಸಿದೆ."

"ಆಮೇಲೆ?"

"ಆಮೇಲೇನು, ನೋಟಿಸು ಬಂತು. ಶನಿವಾರ ಮೇಡಂ ಬಂದಿದ್ರು. ಇದೇ ಮೆಟ್ಟಿಲ ಮೇಲೆ ಕೂತು ಅತ್ತರು. ಜನ ಬೈದ್ರು, ನಾನೂ ಬೈದೆ."

ಮೇಡಂ ಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಮಹಿಳಾ ಪೇದೆ ಬಾಗಿಲಲ್ಲೇ ನಿಂತಳು.

"ನಿಮ್ಮ ಕೀಲಿಕೈ?" ಇನ್‌ಸ್ಪೆಕ್ಟರ್ ಕೇಳಿದರು.

ಅವರು ಅದನ್ನು ಮೇಜಿನ ಮೇಲಿಟ್ಟರು. "ನಾನೇ ತೊಳೆದಿದ್ದು."

"ಯಾಕೆ?"

"ನಮ್ಮ ಮಧ್ಯಂತರ ವರದಿ ತಗೊಂಡು ನಗರಸಭೆಯವರು ಬಡಾವಣೆ ಎತ್ತಿಸೋಕೆ ಹೊರಟರು. ಆ ಜನ ಮಣ್ಣು ಕೊಟ್ಟಿದ್ದು ನನ್ನ ಮುಖ ನೋಡಿ. ಮಣ್ಣೇ ಇಲ್ಲದಿದ್ರೆ ಸಾಕ್ಷಿ ಇರಲ್ಲ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ಕೀಲಿಕೈ ಎತ್ತಿಕೊಂಡರು. ಮೇಷ್ಟ್ರು ಬೆಳಿಗ್ಗೆ ಹೇಳಿದ್ದನ್ನು ಹೇಳದಿರಬಹುದಿತ್ತು. ಆದರೆ ನಾಳೆ ನ್ಯಾಯಾಲಯದಲ್ಲಿ ಅದು ಹೇಗೂ ಬರುತ್ತಿತ್ತು.

"ಮೇಲಿನ ಪದರದ ಮಣ್ಣಿನ ಲೆಕ್ಕ ಆಗಲೇ ಕಂಪ್ಯೂಟರಲ್ಲಿದೆಯಂತೆ. ಕೆಳಗಿನದು ಹಳೇ ಕಾಲದ್ದು, ಅದನ್ನ ಇನ್ನೂ ನೋಡಿರಲಿಲ್ಲ. ಹೊಳೆಗೆ ಮೇಲ್ಗಡೆ ಒಡ್ಡು ಕಟ್ಟೋಕೆ ಮುಂಚೆ ಅಲ್ಲಿಗೆ ನೀರೇ ಬರ್ತಿರಲಿಲ್ಲ ಅಂತ ಮೇಷ್ಟ್ರಿಗೆ ಅನುಮಾನ. ಹಾಗಿದ್ರೆ ಬದಲಾಯಿಸಬೇಕಾದ್ದು ಒಡ್ಡು, ಎಬ್ಬಿಸಬೇಕಾದ್ದು ಜನರನ್ನಲ್ಲ. ಅದಕ್ಕೆ ಕೆಳಮಣ್ಣೇ ಸಾಕ್ಷಿ ಆಗ್ತಿತ್ತು."

ಮೇಡಂ ಕೈಯಲ್ಲಿದ್ದ ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಅದು ಸರಿಯಾಗಿ ಕೂರಲಿಲ್ಲ. ಮತ್ತೆ ಹಾಕಿದರು.

"ನಿಮಗೆ ಗೊತ್ತಿರಲಿಲ್ವಾ?"

"ಮೀಟಿಂಗಲ್ಲಿ ಹೇಳಿರ್ತಾರೆ. ಅವರು ಪರದೆ ಮೇಲೆ ಗೆರೆ ತೋರಿಸೋವಾಗ ನಾನು ಮೊಬೈಲ್ ನೋಡ್ತಿದ್ದೆ. ನಾನು ಜನರ ಮಾತು ಹೇಳೋವಾಗ ಅವರು ಎದ್ದು ಹೋಗ್ತಿದ್ರು. ಮೂರು ವರ್ಷ ಹಿಂಗೇ. ಒಟ್ಟಿಗೆ ನಿಂತು ಫೋಟೊ ಮಾತ್ರ ತೆಗೆಸಿಕೊಂಡ್ವಿ."

ಸಂಜೆ ಐದೂವರೆಗೆ ದಸ್ತಗಿರಿಯಾಯಿತು. ಹೊರಡುವಾಗ ಅವರ ತಾಯಿ ಒಂದು ಸ್ವೆಟರ್ ತಂದು ಮಹಿಳಾ ಪೇದೆಯ ಕೈಗಿತ್ತರು. ಮಗಳ ಮುಖ ನೋಡಲಿಲ್ಲ.

ಅದೇ ವಾರ ನಿಧಿಯವರು ಅನುದಾನ ನಿಲ್ಲಿಸಿದರು. ಮತ್ತೆ ಕೊಳವೆ ಇಳಿಸಲು ಇನ್ನು ದುಡ್ಡಿರಲಿಲ್ಲ. ದುಡ್ಡಿದ್ದರೂ ಹಿತ್ತಲು ಬಿಟ್ಟುಕೊಡುವವರಿರಲಿಲ್ಲ. ಮಧ್ಯಂತರ ವರದಿಯೇ ಕೊನೆಯ ವರದಿಯಾಯಿತು.

ದೋಷಾರೋಪ ಪಟ್ಟಿಯ ಕರಡಿನಲ್ಲಿ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ 'ನಂಬಿದವರನ್ನು ಉಳಿಸುವ ತಪ್ಪು ಪ್ರಯತ್ನ' ಎಂದು ಬರೆದರು. 'ತಪ್ಪು' ಎಂಬ ಮಾತನ್ನು ತೆಗೆಯಲು ಹೊರಟು, ಹಾಗೇ ಬಿಟ್ಟರು.

ಶುಕ್ರವಾರ ಹೊಲಿಗೆಯ ಹೆಂಗಸು ಬೀದಿಯ ಐದಾರು ಜನರೊಡನೆ ಠಾಣೆಗೆ ಬಂದಳು.

"ಸಾರ್, ನಾವು ಮನೆ ಖಾಲಿ ಮಾಡ್ತೀವಿ. ಇನ್ನೇನೂ ತಕರಾರು ಮಾಡಲ್ಲ. ಮೇಡಂನ ಬಿಟ್ಬಿಡಿ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್.

ಅವಳು ಅರ್ಥವಾಗದವಳಂತೆ ನಿಂತಿದ್ದಳು. ದಫೇದಾರರು ಎದ್ದು ಅವಳಿಗೊಂದು ಕುರ್ಚಿ ಎಳೆದುಕೊಟ್ಟರು.