ಆರು ಮಿಲಿಮೀಟರ್ ಸುಳ್ಳು

ಬ್ರೇಕ್ ಪೆಡಲ್ ನೆಲಕ್ಕೆ ತಾಗಿತು. ಕಾರು ನಿಲ್ಲಲಿಲ್ಲ.

ಇಳಿಜಾರು. ಮುಂದಿನ ತಿರುವಿನಲ್ಲಿ ಜನರನ್ನು ಇಳಿಸುತ್ತ ನಿಂತ ಬಸ್ಸು.

ಪಕ್ಕದಲ್ಲಿದ್ದ ಗ್ಯಾರೇಜ್ ಮಾಲೀಕ ಡ್ಯಾಶ್‌ಬೋರ್ಡನ್ನು ತಬ್ಬಿಕೊಂಡ. "ಬ್ರೇಕ್ ಹಾಕಿ ಸಾರ್."

"ಹಾಕೇ ಇದೀನಿ."

ನಾನು ಇನ್ಶೂರೆನ್ಸ್ ಕಂಪನಿಗೆ ಅಪಘಾತಗಳ ತನಿಖೆ ಮಾಡುವವನು. ಹನ್ನೆರಡು ವರ್ಷ ಜಜ್ಜಿದ ಕಾರು, ಸುಳ್ಳು ಮುಖ ನೋಡಿ ನೋಡಿ ಸಾಕಾಗಿದೆ. ಈ ಸಲ ಡ್ರೈವಿಂಗ್ ಕಲಿಸುವ ಒಬ್ಬ ಟೀಚರಮ್ಮನ ಕೇಸು. ಇವನ ಗ್ಯಾರೇಜಿನಲ್ಲಿ ಸರ್ವಿಸ್ ಆದ ನಾಲ್ಕನೇ ದಿನ ಕಾರು ಗೋಡೆಗೆ ನುಗ್ಗಿ ಆಕೆಯ ಎರಡೂ ಕಾಲು ಮುರಿದಿದ್ದವು. ಬ್ರೇಕ್ ಹಿಡಿಯಲೇ ಇಲ್ಲವೆಂದು ಆಸ್ಪತ್ರೆಯಲ್ಲಿ ಮಲಗಿಕೊಂಡೇ ಹೇಳಿದ್ದಳು.

ಹೆಂಗಸರ ಡ್ರೈವಿಂಗೇ ಅಷ್ಟು ಎಂದು ಮಾಲೀಕ ನಕ್ಕಿದ್ದ. ಆಕೆಯ ಕಾರಿನ ಸರ್ವಿಸ್ ಕಾರ್ಡ್ ತೋರಿಸಿದ್ದ. ಬ್ರೇಕ್ ಪ್ಯಾಡ್ ಆರು ಮಿಲಿಮೀಟರ್ ದಪ್ಪ, ಅಂದರೆ ಇನ್ನೂ ಸವೆದಿಲ್ಲ, ಎದುರಿಗೆ ಟಿಕ್, ಕೆಳಗೆ ಸಹಿ. ನಂಬಿಕೆ ಇಲ್ಲದಿದ್ದರೆ ತನ್ನ ಹೆಂಡತಿಯ ಕಾರನ್ನೇ ಓಡಿಸಿ ನೋಡಿ, ನಿನ್ನೆ ತಾನೇ ಸರ್ವಿಸ್ ಆಗಿದೆ ಎಂದು ಕೀಲಿ ಕೊಟ್ಟು ತಾನೂ ಹತ್ತಿದ್ದ.

ಬಸ್ಸು ಹತ್ತಿರವಾಯಿತು. ಮೆಟ್ಟಿಲಲ್ಲಿ ಒಬ್ಬ ಅಜ್ಜಿ...

ಗೇರನ್ನು ಎರಡಕ್ಕೆ ಇಳಿಸಿದೆ. ಎಂಜಿನ್ ಕಿರುಚಿತು. ಒಂದಕ್ಕೆ ಇಳಿಸಿದೆ. ಹ್ಯಾಂಡ್‌ಬ್ರೇಕ್ ಎಳೆಯುತ್ತ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದೆ. ಯಾರೋ ಮನೆ ಕಟ್ಟಲು ಸುರಿದಿದ್ದ ಮರಳಿನ ರಾಶಿಗೆ ಮೂತಿ ಹೂತು ಕಾರು ನಿಂತಿತು!

ಜಾಕ್ ಹಾಕಿ ಮುಂದಿನ ಚಕ್ರ ಬಿಚ್ಚಿದೆ. ನಟ್ಟುಗಳಿಗೆ ತಿಂಗಳುಗಳ ತುಕ್ಕು. ಪ್ಯಾಡ್ ಪೂರ್ತಿ ಸವೆದು, ಬರೀ ಕಬ್ಬಿಣದ ತಗಡು ಡಿಸ್ಕನ್ನು ಕೆರೆದು ಹಾಕಿತ್ತು. ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತಿತ್ತು.

"ಚಕ್ರ ಬಿಚ್ಚೋದೇ ಇಲ್ವಾ ನೀವು?"

"ದಿನಕ್ಕೆ ಮೂವತ್ತು ಗಾಡಿ ಬರ್ತವೆ ಸಾರ್. ಬಿಚ್ತಾ ಕೂತ್ರೆ ಮುಗಿಯುತ್ತಾ? ಸುಮ್ನೆ ಟಿಕ್ ಹಾಕಿ ಅಂತ ಕೆಲಸದ ಹುಡುಗ್ರಿಗೆ ನಾನೇ ಹೇಳಿದ್ದೆ." ಅವನು ಕಾರಿನ ಕಡೆ ಕೈ ತೋರಿಸಿದ. "ಆದ್ರೆ ಇದು ನನ್ನ ಮನೆ ಕಾರು. ಹುಡುಗ್ರಿಗೆ ಗೊತ್ತಿತ್ತು."

"ಅವ್ರಿಗೆ ಗೊತ್ತಿರೋದು ಟಿಕ್ ಹಾಕೋದು."

ಇದೇ ಇಳಿಜಾರಿನಲ್ಲಿ ಅವನ ಹೆಂಡತಿ ದಿನಾ ಬೆಳಿಗ್ಗೆ ಈ ಕಾರಿನಲ್ಲೇ ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಾಳೆ ಎಂದು ಹತ್ತುವಾಗ ಅವನೇ ಹೇಳಿದ್ದ. ಈಗ ಆ ಮಾತು ಮತ್ತೆ ಅವನ ಬಾಯಿಂದ ಬರುತ್ತದೆಂದು ಕಾದೆ.

ಬರಲಿಲ್ಲ. ಇದನ್ನು ರಿಪೋರ್ಟಿನಲ್ಲಿ ಬರೆಯಬೇಡಿ, ಗ್ಯಾರೇಜಿನ ಹೆಸರು ಹಾಳಾಗುತ್ತದೆ ಎಂದು ಕೈ ಹಿಡಿದ. ಕೈ ಕೊಡವಿಕೊಂಡು ಪ್ಯಾಂಟಿಗೆ ಒರೆಸಿಕೊಂಡೆ.

ಎಲ್ಲವನ್ನೂ ಬರೆದೆ. ಫೋಟೋ ತೆಗೆದೆ. ಟೀಚರಮ್ಮನ ತಪ್ಪಿಲ್ಲವೆಂದು ಅವನ ಕೈಯಲ್ಲೇ ಬರೆಸಿಕೊಂಡೆ.

ಆಮೇಲೆ ಅವನು ಕಾರು ಎಳೆದುಕೊಂಡು ಹೋಗಲು ಫೋನ್ ಮಾಡಿದ. ತನ್ನ ಗ್ಯಾರೇಜಿಗಲ್ಲ, ಅದರ ಎದುರಿಗಿದ್ದ ಬೇರೆಯವರ ಗ್ಯಾರೇಜಿಗೆ.