ಎಡತಿರುವಿನಲ್ಲಿ ನಿಂತ ಎಂಜಿನ್

ಸೋಮವಾರ ಮುಂಜಾನೆ. ಕುಂಬಾರವಾಡದ ಎಡತಿರುವಿನಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಗದ್ದೆಯಲ್ಲಿ ಕೆಂಪು ಕಾರೊಂದು ಮೂಗು ನೆಟ್ಟು ನಿಂತಿತ್ತು. ನೀರಿನ ಮೇಲೆ ಎಣ್ಣೆಯ ಬಣ್ಣಗಳು ಮೆಲ್ಲಗೆ ಹರಡುತ್ತಿದ್ದವು. ಯಾರೋ ಕಾಣುತ್ತಿರುವ ಕನಸಿನೊಳಗೆ ಕಾಲಿಟ್ಟಂತೆ ಪಿಎಸ್‌ಐ ದಾನೇಶ್ವರಿಗೆ ಅನಿಸಿತು.

ಚಾಲಕಿಯನ್ನು ಆಗಲೇ ಆಸ್ಪತ್ರೆಗೆ ಒಯ್ದಿದ್ದರು. ಹಳಿಯಾಳದ ಸುಮಿತಾ. ರ‍್ಯಾಲಿ ಓಡಿಸುವವಳು. ಮುಂದಿನ ವಾರ ಸ್ಪರ್ಧೆಯಿತ್ತು, ಅದರ ಅಭ್ಯಾಸಕ್ಕೆ ಬಂದಿದ್ದಳು. ಜೀವವಿತ್ತು, ಪ್ರಜ್ಞೆ ಇರಲಿಲ್ಲ.

ರಸ್ತೆಯಲ್ಲಿ ಗಾಲಿ ಉಜ್ಜಿದ ಎರಡು ಕಪ್ಪು ಗೆರೆ. ಓಡುತ್ತಿದ್ದ ಎಂಜಿನ್ ಒಮ್ಮೆಲೇ ಜಾಮ್ ಆಗಿತ್ತು.

ಸುಮಿತಾಳ ಅಣ್ಣ ಈರೇಶ ಫೋನಿನಲ್ಲೇ ದೂರು ಕೊಟ್ಟ. "ದಾಂಡೇಲಿ ಬಸ್ತ್ಯಾಂವ ಎಂಜಿನ್ ಕೆಲಸ ಮಾಡಿದ್ದು. ಅವನ್ನ ಹಿಡೀರಿ."

* * *

ದಾಂಡೇಲಿಯ ಅಂಬೇವಾಡಿ. ಕಾರನ್ನು ಬಸ್ತ್ಯಾಂವನ ಗ್ಯಾರೇಜಿಗೆ ಎಳೆತಂದಿದ್ದರು. ಇಲಾಖೆಯ ಮೆಕ್ಯಾನಿಕ್ ಎಂಜಿನ್ನಿನ ತಳದ ಆಯಿಲ್ ಚೇಂಬರ್ ಬಿಚ್ಚಿದ. ಪಕ್ಕದಲ್ಲಿದ್ದ ಬಸ್ತ್ಯಾಂವ ಬಗ್ಗಿ ಒಳಗೆ ನೋಡಿದ.

"ನನ್ನ ಅಡ್ಡತಗಡು ಎಲ್ಲೈತ್ರಿ?"

"ಅದೇನದು?" ದಾನೇಶ್ವರಿ ಕೇಳಿದಳು.

"ಜೋರಾಗಿ ತಿರುಗಿದ್ರ ಎಣ್ಣಿ ಒಂದು ಬಾಜೂಕ ಓಡ್ತೈತ್ರಿ. ಪಂಪ್ ಬರೇ ಗಾಳಿ ಎಳೀತೈತಿ, ಎಣ್ಣಿ ಸಿಗದ ಎಂಜಿನ್ ಜಾಮ್ ಆಗತೈತಿ. ಅದಕ್ಕ ದೊಡ್ಡ ಚೇಂಬರ್, ದೊಡ್ಡ ಪಂಪ್ ಹಾಕಿ, ಒಳಗ ತಗಡು ಕೂಡ್ರಿಸಿದ್ದೆ. ಎಣ್ಣಿ ಓಡಬಾರದಂತ."

"ನೀವು ಹಾಕೇ ಇಲ್ಲ ಅಂದ್ರ?"

"ಶನಿವಾರ ಅದೇ ತಿರುವಿನ್ಯಾಗ ಹತ್ತು ಸಲ ಹೊಡದ್ಲ್ರಿ ಸುಮಿತಾ. ಬಾಜೂಕ ನಾನ ಕುಂತಿದ್ದೆ. ಎಣ್ಣಿ ಪ್ರೆಶರಿನ ಮುಳ್ಳು ಅಳ್ಳಾಡಲಿಲ್ಲ." ಅವನು ಚೇಂಬರಿನ ಅಂಚು ಮುಟ್ಟಿದ. "ಈ ಕೆಂಪು ಪೇಸ್ಟ್ ನಂದಲ್ರಿ. ಎಣ್ಣಿ ಸೋರದಂಗ ನಾ ಕಾರ್ಕ್ ಪ್ಯಾಕಿಂಗ್ ಹಾಕಾಂವ."

ದಾನೇಶ್ವರಿ ಕುಂಬಾರವಾಡಕ್ಕೆ ಫೋನ್ ಮಾಡಿದಳು. ತಿರುವಿನ ಪಕ್ಕದ ಗದ್ದೆಯ ಜುಲಿಯಾನಾ ಹೌದೆಂದಳು. ಶನಿವಾರ ಆ ಕಾರು ಮತ್ತೆ ಮತ್ತೆ ಬಂದಿತ್ತು, ಕೆಂಪು ಹಕ್ಕಿ ತೇಲಿದ ಹಾಗೆ.

ಸುಮಿತಾಳ ಪ್ರತಿಸ್ಪರ್ಧಿ ಸಚಿನ ಗ್ಯಾರೇಜಿಗೆ ಬಂದುಹೋದದ್ದೂ ತಿಳಿಯಿತು. ಆದರೆ ಅದು ಶುಕ್ರವಾರ. ತಗಡು ಕಳಚಿದ್ದು ಶನಿವಾರದ ನಂತರ.

* * *

ಹಳಿಯಾಳ. ಈರೇಶ ಕಾರಿನ ಶೆಡ್ಡಿನ ಮುಂದೆ ಕುಳಿತಿದ್ದ. ಹೋದ ವರ್ಷದವರೆಗೆ ಆ ಕಾರು ಓಡಿಸುತ್ತಿದ್ದವನು ಅವನೇ. ತಂಡದವರು ಈ ಸಲ ತಂಗಿಯನ್ನು ಆರಿಸಿದ್ದರು.

"ಎಂಜಿನ್ ಜಾಮ್ ಆಗೈತಿ," ಎಂದಷ್ಟೇ ದಾನೇಶ್ವರಿ ಹೇಳಿದಳು.

"ಮತ್ತೇನ್ರಿ ಮೇಡಂ! ಅಡ್ಡತಗಡ ಇಲ್ಲದ ಆ ತಿರುವಿಗೆ ಹೋದ್ರ ಜಾಮ್ ಆಗದ ಇರತೈತೇನು?"

"ತಗಡು ಇಲ್ಲಂತ ನಿಮಗ ಯಾರು ಹೇಳಿದ್ರು?"

ಅವನು ಶೆಡ್ಡಿನ ಕಡೆ ತಿರುಗಿ ನೋಡಿದ.

"ಚೇಂಬರ್ ಬಿಚ್ಚಿ ಎರಡು ತಾಸಾತು. ನೋಡಿದವರು ನಾವು ಮೂರೇ ಮಂದಿ. ಯಾರಿಗೂ ಹೇಳಿಲ್ಲ. ಶನಿವಾರ ತಗಡು ಇತ್ತು, ಇಲ್ಲಂದ್ರ ಅವತ್ತೇ ಎಂಜಿನ್ ಹೋಗತಿತ್ತು. ಸೋಮವಾರ ಮುಂಜಾನೆ ಇರಲಿಲ್ಲ. ನಡುವ ರವಿವಾರ. ಸುಮಿತಾ ಮುಂಡಗೋಡಿಗೆ ಮದುವಿಗೆ ಹೋಗಿದ್ಲು. ಕಾರು ಈ ಶೆಡ್ಡಿನ್ಯಾಗ. ಕೀಲಿ ನಿಮ್ಮ ಕಡೆ."

ಶೆಡ್ಡು ಹುಡುಕಲು ಹೋಗಿದ್ದ ಪೇದೆ ಹೊರಬಂದ. ಒಂದು ಕೈಯಲ್ಲಿ ಕೆಂಪು ಪೇಸ್ಟಿನ ಟ್ಯೂಬು. ಇನ್ನೊಂದರಲ್ಲಿ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ತಗಡು.

ಈರೇಶ ಅದನ್ನೇ ನೋಡುತ್ತ ಕುಳಿತ.

"ಕೊಲ್ಲಾಕಲ್ರಿ. ತಗಡು ತಗದ ಮ್ಯಾಲೆ ನಾನ ಕಾರು ತಗೊಂಡು ಆ ತಿರುವಿನ್ಯಾಗ ಹೋಗಿ ನೋಡಿದೆ. ಏನೂ ಆಗಲಿಲ್ಲ. ಸ್ಪರ್ಧೆಯೊಳಗ ನಿಧಾನಕ ಕೆಡತೈತಿ, ಸೋತು ಬರ್ತಾಳ ಅಂತ ತಿಳದಿದ್ದೆ." ಮುಖ ಮುಚ್ಚಿಕೊಂಡ. "ನನಗಿಂತ ಅಷ್ಟು ಜೋರ ಹೊಡೀತಾಳಂತ ಗೊತ್ತಿರಲಿಲ್ರಿ."

* * *

ಮೂರನೆಯ ದಿನ ಸುಮಿತಾ ಕಣ್ಣು ತೆರೆದಳು. ದಾನೇಶ್ವರಿ ಎಲ್ಲವನ್ನೂ ಹೇಳಿದಳು. ಬಸ್ತ್ಯಾಂವನ ಮೇಲಿನ ದೂರು ಬಿದ್ದುಹೋದದ್ದನ್ನೂ.

ಸುಮಿತಾ ಕಿಟಕಿಯಾಚೆ ನೋಡಿದಳು. ಬಿಳಿ ಮೋಡಗಳು ಸದ್ದಿಲ್ಲದೆ ಸಾಗುತ್ತಿದ್ದವು.

"ಆ ತಿರುವು ಐತಲ್ರಿ," ಎಂದಳು, "ಅಲ್ಲೇ ನನಗ ಮೊದಲ ಸಲ ಸ್ಟೇರಿಂಗ್ ಕೊಟ್ಟಾಂವ ನಮ್ಮಣ್ಣ. ಅಂಜಬ್ಯಾಡ, ಎಕ್ಸಿಲರೇಟರ್ ಒತ್ತು ಅಂದಿದ್ದ."